ಐರ್ಲೆಂಡ್‌ನಲ್ಲಿ ಇಂಬೊಲ್ಕ್ (ಫೆಬ್ರವರಿ 1ರ ವಸಂತದ ಹಬ್ಬ) ಹೊತ್ತಿಗೆ ಹಿತ್ತಲು ಶುರು ಮಾಡಿದವರು ಯಾರಾದರೂ ಇದ್ದೀರಾ?

ಕೇಳಿದವರು, ಡಬ್ಲಿನ್:

ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿಗೆ ಬಂದು ಆರು ತಿಂಗಳಾಯ್ತು. ಮನೆ ಹಿಂದೆ ಸಣ್ಣ ಹಿತ್ತಲಿದೆ, ಈಗ ಬರೀ ಹುಲ್ಲು. ಫೆಬ್ರವರಿಯಲ್ಲೇ ತರಕಾರಿ ಹಾಕೋಣ ಅಂತ ಆಸೆ, ಹಾರೆನೂ ತಂದಾಯ್ತು. ಪಕ್ಕದ ಮನೆಯವರು ಪೇಗನ್ ಆಚರಣೆ, ಅಂದರೆ ಕ್ರೈಸ್ತ ಧರ್ಮಕ್ಕಿಂತ ಹಳೆಯ ದೇವತೆಗಳ ಪೂಜೆ ಮಾಡುವವರು. ಜನವರಿ 31ರ ಸಂಜೆ ಇಂಬೊಲ್ಕ್‌ಗೆ ಬನ್ನಿ, ಬಿತ್ತುವ ಬೀಜನೂ ತನ್ನಿ ಅಂದಿದ್ದಾರೆ. ಹೋಗುವಾಗ ಇನ್ನೇನು ಒಯ್ಯಬೇಕು? ಈ ಚಳಿಯಲ್ಲಿ ನಿಜಕ್ಕೂ ಏನಾದರೂ ಹುಟ್ಟುತ್ತಾ?

ಕಿಲ್ಡೇರ್‌ನಿಂದ:

ಖಂಡಿತ ಹೋಗಿ. ಆದರೆ ಹಾರೆಯನ್ನು ಸದ್ಯ ಒಳಗಿಡಿ.

ನಾನು ಬೆಳ್ತಂಗಡಿ ಕಡೆಯವಳು, ಇಲ್ಲಿಗೆ ಬಂದು ಎಂಟು ವರ್ಷ. ಇಲ್ಲಿನ ಹಳೇ ಲೆಕ್ಕದಲ್ಲಿ ಫೆಬ್ರವರಿ 1ಕ್ಕೇ ವಸಂತ. ಕಿಟಕಿ ಆಚೆ ನೋಡಿದರೆ ನಂಬಿಕೆ ಬರಲ್ಲ. ಬೆಳಗ್ಗೆ 8 ದಾಟಿದ ಮೇಲೆ ಸೂರ್ಯ, ಸಂಜೆ 5ಕ್ಕೆಲ್ಲ ಮುಳುಗಿರುತ್ತಾನೆ. ಆದರೆ ಹೊಲದಲ್ಲಿ ಕುರಿಗಳು ಗಬ್ಬ ಆಗಿರುತ್ತವೆ. ಇಂಬೊಲ್ಕ್ ಅಂದರೆ 'ಹೊಟ್ಟೆಯೊಳಗೆ' ಅಂತ ಹಲವರು ಅರ್ಥ ಹೇಳುತ್ತಾರೆ. ಇನ್ನೂ ಹೊರಗೆ ಬಂದಿಲ್ಲ, ಒಳಗೆ ಬೆಳೆಯುತ್ತಿದೆ ಅಂತ. ಈ ಹಬ್ಬದ ದೇವತೆ ಬ್ರಿಜಿಡ್. ಅದೇ ಹೆಸರಿನ ಕ್ರೈಸ್ತ ಸಂತ ಮಹಿಳೆಗೂ ಇದೇ ದಿನ, ಆಕೆಯ ಮಠ ಇದ್ದದ್ದು ನಮ್ಮ ಕಿಲ್ಡೇರ್‌ನಲ್ಲೇ. 2023ರಿಂದ ಈ ಹಬ್ಬಕ್ಕೆ ಸರ್ಕಾರಿ ರಜೆನೂ ಇದೆ.

ನಮ್ಮ ತುಳುನಾಡಿನಲ್ಲಿ ಹೆಚ್ಚುಕಮ್ಮಿ ಇದೇ ಹೊತ್ತಿಗೆ ಕೆಡ್ಡಸ ಬರುತ್ತೆ, ಫೆಬ್ರವರಿ ಎರಡನೇ ವಾರದ ಆಸುಪಾಸು. ಭೂಮಿತಾಯಿ ಮುಟ್ಟಾಗಿದ್ದಾಳೆ ಅಂತ ಮೂರು ದಿನ ಯಾರೂ ಮಣ್ಣು ಅಗೆಯಲ್ಲ, ಉಳಲ್ಲ. ಕೊನೇ ದಿನ ನೆಲಕ್ಕೆ ಎಣ್ಣೆ ಬಿಡುತ್ತೇವೆ. ಅಜ್ಜಿ ಪಿಕ್ಕಾಸನ್ನು ಅಟ್ಟದ ಮೇಲೇ ಇಟ್ಟುಬಿಡುತ್ತಿದ್ದರು, ಮಕ್ಕಳ ಕೈಗೂ ಸಿಗಬಾರದು ಅಂತ. ಇಲ್ಲಿ ಬಂದ ಮೇಲೆ ತಿಳಿಯಿತು, ಐರ್ಲೆಂಡಿನ ದಕ್ಷಿಣ ಭಾಗಗಳಲ್ಲೂ ಬ್ರಿಜಿಡ್ ದಿನ ರಾಟೆ, ಗಾಡಿ ತಿರುಗಿಸಬಾರದು, ನೇಗಿಲು ಹೂಡಬಾರದು ಅನ್ನುವ ಪದ್ಧತಿ ಇತ್ತಂತೆ. ಕೇಳಿ ಮೈ ಜುಮ್ಮೆಂದಿತು.

ಅದು ತಿಳಿಯುವ ಮೊದಲೇ, ಬಂದ ವರ್ಷವೇ ಫೆಬ್ರವರಿ 3ಕ್ಕೆ ಅಗೆದಿದ್ದೆ. ಜೇಡಿಮಣ್ಣು, ಬೂಟಿಗೆ ಅಂಟಿ ಕಾಲೇ ಎತ್ತಕ್ಕಾಗಲಿಲ್ಲ. ಏಪ್ರಿಲ್‌ನಲ್ಲಿ ಒಣಗಿ ಇಟ್ಟಿಗೆಯಂಥ ಹೆಂಟೆಗಳಾದವು. ಊರಿಂದ ತಂದ ಅಲಸಂಡೆ ಬೀಜ ಬಿತ್ತಿದ್ದೆ. ಮೂರು ವಾರ ಬಿಟ್ಟು ಬೆರಳಲ್ಲಿ ಕೆದಕಿದರೆ ಕೈಗೆ ಬಂದದ್ದು ಲೋಳೆ. ಮಣ್ಣು 6-7 ಡಿಗ್ರಿಗಿಂತ ತಣ್ಣಗಿದ್ದರೆ ಹೆಚ್ಚಿನ ಬೀಜ ಮೊಳೆಯಲ್ಲ, ಸುಮ್ನೆ ಕೊಳೆಯುತ್ತೆ. ಅಲಸಂಡೆಗಂತೂ ಇನ್ನೂ ಬಹಳ ಶಾಖ ಬೇಕು. ಈಗ ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ ನೋಡುತ್ತೇನೆ. ಉಂಡೆ ಕಟ್ಟಿ ಹೊಳೆದರೆ ಮುಟ್ಟಲ್ಲ, ಪುಡಿಯಾದರೆ ಮಾತ್ರ ಕೆಲಸ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಹುಲ್ಲಿನ ಮೇಲೆ ರಟ್ಟು ಹಾಸಿ, ನೆನೆಸಿ, ಮೇಲೆ 10-15 ಸೆಂಟಿಮೀಟರ್ ಕಾಂಪೋಸ್ಟ್ ಹಾಕಿ. ಅಗೆಯದೆಯೇ ಪಾತಿ ಆಗುತ್ತೆ. ಮನೆಯೊಳಗೆ ಈಗಲೇ ಮೆಣಸಿನಕಾಯಿ ಬೀಜ ಹಾಕಬಹುದು, ಅದು ಹಣ್ಣಾಗಲು ಬಹಳ ತಿಂಗಳು ಹಿಡಿಯುತ್ತೆ. ಮೊಳೆಯಲು 20 ಡಿಗ್ರಿ ದಾಟಿದ ಬೆಚ್ಚನೆ ಜಾಗ ಬೇಕು. ಮೊಳೆತ ಕೂಡಲೇ ಬೆಳಕಿಗೆ ತನ್ನಿ, ಇಲ್ಲದಿದ್ದರೆ ಸಪೂರ ಉದ್ದವಾಗಿ ಬಿದ್ದುಹೋಗುತ್ತೆ. ಟೊಮೇಟೊ ಮಾರ್ಚ್‌ಗೆ, ಮೆಂತ್ಯ ಕೊತ್ತಂಬರಿ ಏಪ್ರಿಲ್‌ಗೆ. ಮೆಣಸು, ಟೊಮೇಟೊ ಸಸಿಗಳನ್ನು ಮೇ ಮಧ್ಯದ ತನಕ ಹೊರಗೆ ನೆಡಬೇಡಿ, ಅಲ್ಲಿವರೆಗೂ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಬರಬಹುದು.

ಇನ್ನು ಆ ಸಂಜೆ. ಬ್ರೆಡ್ಡು, ಬೆಣ್ಣೆ, ಹಾಲು, ಒಂದು ಮೇಣದಬತ್ತಿ, ಇಷ್ಟು ಸಾಕು. ಬೀಜದ ಪೊಟ್ಟಣ ದೀಪದ ಹತ್ತಿರ ಇಡುತ್ತಾರೆ, ಆಮೇಲೆ ವಾಪಸ್ ತರಬಹುದು. ಜೊಂಡು ಹುಲ್ಲಿನಲ್ಲಿ ಬ್ರಿಜಿಡ್ ಶಿಲುಬೆ ಹೆಣೆಯಲು ಕೂರಿಸುತ್ತಾರೆ. ಒಂದು ಎಸಳು ನೆಟ್ಟಗೆ ಹಿಡಿದು, ಇನ್ನೊಂದನ್ನು ಅದರ ನಡುವಿಗೆ ಮಡಚಿ ಬಲಕ್ಕೆ ಎಳೆಯಬೇಕು. ಕಾಲು ಸುತ್ತು ಎಡಕ್ಕೆ ತಿರುಗಿಸಿ ಮತ್ತೊಂದು ಮಡಚು. ಮಧ್ಯದಲ್ಲಿ ಸಣ್ಣ ಚೌಕ ಮೂಡುತ್ತಾ ಹೋಗುತ್ತೆ. ಹೆಬ್ಬೆರಳು ಸಡಿಲ ಬಿಟ್ಟರೆ ಎಲ್ಲ ಬಿಚ್ಚಿಕೊಳ್ಳುತ್ತೆ. ನಾಲ್ಕು ತುದಿಗೂ ದಾರ ಕಟ್ಟಿ ಬಾಗಿಲ ಮೇಲೆ ಹಾಕುತ್ತಾರೆ, ಮನೆಗೆ ಬೆಂಕಿ ತಾಗದಿರಲಿ ಅಂತ. ತೆಂಗಿನ ಗರಿ ಹೆಣೆದ ಕೈಗೆ ಇದು ಬೇಗ ಒಲಿಯುತ್ತೆ.

ಹೋದ ವರ್ಷ ನಾನು ನನ್ನೆರಿ ಒಯ್ದಿದ್ದೆ. ಹುರಿದ ಕುಚ್ಚಲಕ್ಕಿ ಪುಡಿ, ಬೆಲ್ಲ, ಕಾಯಿತುರಿ, ನಮ್ಮ ಕೆಡ್ಡಸದ ತಿಂಡಿ. ಅವರು ಹಾಲನ್ನು ಮರದ ಬುಡಕ್ಕೆ ಬಿಟ್ಟಾಗ ಅಜ್ಜಿ ಎಣ್ಣೆ ಬಿಡುತ್ತಿದ್ದದ್ದೇ ಕಣ್ಣ ಮುಂದೆ ಬಂತು. ಕತ್ತಲಲ್ಲಿ ಅತ್ತುಬಿಟ್ಟೆ.

ಕಾರ್ಕ್‌ನಿಂದ:

ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ನಾನು ಹಾಸನದವನು, ಆಲೂಗಡ್ಡೆ ಬಿಟ್ಟಿರಲು ಆಗಲ್ಲ. ಬಿತ್ತನೆ ಆಲೂಗಡ್ಡೆ ಈಗ ತಂದು ಮೊಟ್ಟೆ ಟ್ರೇಯಲ್ಲಿ ಕಣ್ಣು ಮೇಲೆ ಮಾಡಿ ಜೋಡಿಸಿ, ಬೆಳಕಿರುವ ತಣ್ಣನೆ ಕೋಣೆಯಲ್ಲಿಡಿ. ಕತ್ತಲಲ್ಲಿಟ್ಟರೆ ಮೊಳಕೆ ಬಿಳಿಯಾಗಿ ಉದ್ದ ಬಂದು ಮುರಿಯುತ್ತೆ. ಬೆಳಕಲ್ಲಿ ಗಿಡ್ಡಗೆ, ಗಟ್ಟಿಯಾಗಿ ಬರುತ್ತೆ. ಇಲ್ಲಿಯ ಜನ ಮೊದಲ ಆಲೂಗಡ್ಡೆ ನೆಡುವುದು ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ, ಮಾರ್ಚ್ 17ಕ್ಕೆ. ಈಗಲೇ ಹೊರಗೆ ಏನಾದರೂ ಹಾಕಲೇಬೇಕು ಅಂದರೆ ಬ್ರಾಡ್ ಬೀನ್ಸ್ ಹಾಕಿ, ಚಳಿ ತಡೆಯುತ್ತೆ. ಅದಕ್ಕೂ ನೀರು ನಿಲ್ಲದ ಮಣ್ಣು ಬೇಕು.

ಗಾಲ್ವೇಯಿಂದ:

ನಮ್ಮದು ಫ್ಲ್ಯಾಟು, ಕಿಟಕಿ ಕಟ್ಟೆಯೇ ತೋಟ. 31ರ ರಾತ್ರಿ ಒಂದು ತುಂಡು ಬಟ್ಟೆ ಹೊರಗೆ ಗಿಡದ ಮೇಲೆ ಹಾಕುವ ಪದ್ಧತಿ ಇದೆ. ಆ ರಾತ್ರಿ ಬ್ರಿಜಿಡ್ ಹಾದುಹೋಗುವಾಗ ಹರಸುತ್ತಾಳೆ ಅಂತ. ಬೆಳಗ್ಗೆ ಒಳಗೆ ತಂದು ವರ್ಷವಿಡೀ ಇಟ್ಟುಕೊಂಡು, ತಲೆನೋವಿಗೆ ಹಣೆಗೆ ಕಟ್ಟುತ್ತಾರೆ. ನನ್ನ ಮಗಳಿಗೆ ಇದು ತುಂಬಾ ಇಷ್ಟ. ಒಂದು ವಿನಂತಿ. ಪವಿತ್ರ ಬಾವಿಗಳ ಹತ್ತಿರ ಮರಕ್ಕೆ ಬಟ್ಟೆ ಕಟ್ಟುವುದಾದರೆ ಹತ್ತಿ ಬಟ್ಟೆ ಮಾತ್ರ ಕಟ್ಟಿ, ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ರಿಬ್ಬನ್ ಕರಗಲ್ಲ, ಕೊಂಬೆಗೆ ಬಿಗಿದುಕೊಳ್ಳುತ್ತೆ. ಹಾಗೆ ಒಣಗಿದ ಕೊಂಬೆ ಕಂಡಿದ್ದೇನೆ.

ಕೇಳಿದವರು, ಡಬ್ಲಿನ್:

ಎಲ್ಲರಿಗೂ ಥ್ಯಾಂಕ್ಸ್. ಹಾರೆ ಶೆಡ್ಡಿಗೆ ಹೋಯ್ತು. ನಾವು ಮಲೆನಾಡಿನವರು. ಭೂಮಿ ಹುಣ್ಣಿಮೆಗೆ ಬಸುರಿ ಪೈರಿಗೆ ಬಯಕೆ ಊಟ ಹಾಕಿದವರಿಗೆ 'ಹೊಟ್ಟೆಯೊಳಗೆ' ಅನ್ನುವುದು ಬಿಡಿಸಿ ಹೇಳಬೇಕಿಲ್ಲ. ಅಷ್ಟು ದೊಡ್ಡ ರಟ್ಟು ಎಲ್ಲಿ ಸಿಗುತ್ತೆ?

ಕಿಲ್ಡೇರ್‌ನಿಂದ:

ಸೈಕಲ್ ಅಂಗಡಿಯಲ್ಲಿ ಕೇಳಿ, ಸುಮ್ನೆ ಕೊಡುತ್ತಾರೆ. ಹಾಸುವ ಮೊದಲು ಟೇಪು, ಪಿನ್ನು ಎಲ್ಲ ಕಿತ್ತುಬಿಡಿ.