ಹೃದಯದ ಸ್ನಾಯುವಿನ ಕಾಯಿಲೆ ಇದೆ, ಮಗು ಬೇಕು: ಹೃದ್ರೋಗ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 30 ವರ್ಷ. ಎರಡು ವರ್ಷದ ಹಿಂದೆ ಡೈಲೇಟೆಡ್ ಕಾರ್ಡಿಯೋಮಯೋಪತಿ (ಹೃದಯ ಹಿಗ್ಗಿ ಸ್ನಾಯು ದುರ್ಬಲವಾಗುವ ಕಾಯಿಲೆ) ಇದೆ ಅಂತ ಗೊತ್ತಾಯಿತು. ಆಗ ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ, 28 ಇತ್ತು, ಈಗ 50ಕ್ಕೆ ಬಂದಿದೆ. ಮೆಟೊಪ್ರೊಲಾಲ್, ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದೇನೆ. ಈಗ ಮೆಟ್ಟಿಲು ಹತ್ತಿದರೂ ಸುಸ್ತಾಗುವುದಿಲ್ಲ. ನಮಗೆ ಮಗು ಬೇಕು. ಒಬ್ಬರು "ಇಎಫ್ ಸರಿಹೋಗಿದೆಯಲ್ಲ, ಮಾತ್ರೆ ಬಿಟ್ಟು ಪ್ರಯತ್ನಿಸಿ" ಅಂತಾರೆ. ಇನ್ನೊಬ್ಬರು "ಆ ಆಸೆ ಬಿಟ್ಟುಬಿಡಿ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನಮಸ್ಕಾರ. ಮೊದಲಿಗೆ ಒಂದು ವಿನಂತಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಹಾಗೆಯೇ, ನಿಮ್ಮ ಎಕೋ ರಿಪೋರ್ಟ್ ನೋಡದೆ "ಆಸೆ ಬಿಡಿ" ಅಂದವರ ಮಾತನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈಗ ನಿಮ್ಮ ರಿಪೋರ್ಟಿನಲ್ಲಿರುವ 50, ಮಾತ್ರೆಗಳ ಆಸರೆಯಲ್ಲಿ ಬಂದಿರುವ 50. ಮಾತ್ರೆ ಇಲ್ಲದೆ ನಿಮ್ಮ ಹೃದಯ ಎಷ್ಟರಮಟ್ಟಿಗೆ ತಾಳಿಕೊಳ್ಳುತ್ತದೆ ಅನ್ನುವುದು ನಮಗಿನ್ನೂ ಗೊತ್ತಿಲ್ಲ. ಈ ಕಾಯಿಲೆಯಿಂದ ಚೇತರಿಸಿಕೊಂಡು ಇಎಫ್ 50 ದಾಟಿದವರಲ್ಲಿ, ವೈದ್ಯರ ನಿಗಾದಲ್ಲೇ ಮಾತ್ರೆ ನಿಲ್ಲಿಸಿ ನೋಡಿದ ಅಧ್ಯಯನವೊಂದಿದೆ, ಟ್ರೆಡ್-ಎಚ್‌ಎಫ್ ಅಂತ. ನಿಲ್ಲಿಸಿದವರಲ್ಲಿ ಶೇಕಡಾ 44 ಮಂದಿಗೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿತು. ಅವರು ಯಾರೂ ಬಸುರಿಯರಲ್ಲ. ಗರ್ಭದ ಹೊರೆ ಇಲ್ಲದೇ ಹೀಗಾಯಿತು ಅನ್ನುವುದನ್ನು ಗಮನಿಸಿ.

ಆದರೆ ಈಗಿನ ಮಾತ್ರೆಗಳನ್ನೆಲ್ಲ ಇಟ್ಟುಕೊಂಡು ಬಸುರಿಯಾಗುವ ಹಾಗೂ ಇಲ್ಲ. ನಾಲ್ಕರಲ್ಲಿ ಮುಂದುವರಿಸಬಹುದಾದದ್ದು ಮೆಟೊಪ್ರೊಲಾಲ್ ಒಂದೇ. ವಾಲ್ಸಾರ್ಟನ್ ಗುಂಪಿನ ಔಷಧಿಗಳು ಮಗುವಿನ ಕಿಡ್ನಿಗೆ ಪೆಟ್ಟು ಕೊಡುತ್ತವೆ, ಗರ್ಭದ ನೀರು ಕಡಿಮೆಯಾಗುತ್ತದೆ. ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್ ಕೂಡ ಬೇಡ.

ಹಾಗಾಗಿ ನಾನು ಹೀಗೆ ಮಾಡುತ್ತೇನೆ. ಗರ್ಭನಿರೋಧಕ ಮುಂದುವರಿಸಿಕೊಂಡೇ, ಆ ಮೂರು ಮಾತ್ರೆಗಳನ್ನು ನಿಗಾದಲ್ಲಿ ನಿಲ್ಲಿಸುತ್ತೇವೆ. ಬೇಕಿದ್ದರೆ ರಕ್ತನಾಳ ಹಿಗ್ಗಿಸುವ ಹೈಡ್ರಲಜಿನ್ ಮತ್ತು ನೈಟ್ರೇಟ್ ಸೇರಿಸುತ್ತೇವೆ. ಸುಮಾರು ಮೂರು ತಿಂಗಳು ಕಾದು ಮತ್ತೆ ಎಕೋ, ಜೊತೆಗೆ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ (ಹೃದಯದ ಮೇಲಿನ ಒತ್ತಡ ತೋರಿಸುವಂಥದ್ದು) ಮತ್ತು ಟ್ರೆಡ್‌ಮಿಲ್ ಮಾಡಿಸುತ್ತೇವೆ. ಇಎಫ್ ಇಳಿಯದೆ ಹಾಗೇ ಉಳಿದಿದ್ದರೆ ಮಗುವಿನ ಯೋಚನೆ. ಇಎಫ್ ಜಾರಿದ್ದರೆ ತಕ್ಷಣ ಮಾತ್ರೆಗೆ ವಾಪಸ್. ಆಗ ಕೂತು ಬೇರೆಯೇ ಮಾತಾಡಬೇಕಾಗುತ್ತದೆ, ಆ ಮಾತು ಕಷ್ಟದ್ದು. ಆದರೂ ಏಳನೇ ತಿಂಗಳಲ್ಲಿ ಐಸಿಯುವಿನಲ್ಲಿ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಲಿ.

ಪ್ರಶ್ನೆ: ಮೂರು ತಿಂಗಳು ಮಾತ್ರೆ ಇಲ್ಲದೆಯೂ ಚೆನ್ನಾಗಿದ್ದರೆ ಆಮೇಲೆ ಭಯವಿಲ್ಲ ಅಲ್ವಾ?

ಉತ್ತರ: ಭಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಗರ್ಭ ನಿಂತ ಮೇಲೆ ರಕ್ತದ ಪ್ರಮಾಣವೇ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಹೃದಯ ನಿಮಿಷಕ್ಕೆ ಪಂಪ್ ಮಾಡುವ ರಕ್ತ ಶೇಕಡಾ 30ರಿಂದ 50ರಷ್ಟು ಜಾಸ್ತಿಯಾಗುತ್ತದೆ. ನಾಡಿಯೂ 10ರಿಂದ 20 ಏರುತ್ತದೆ. ಗಟ್ಟಿ ಹೃದಯಕ್ಕೆ ಇದು ಗೊತ್ತೇ ಆಗುವುದಿಲ್ಲ. ನಿತ್ರಾಣಗೊಂಡ ಸ್ನಾಯುವಿಗೆ ತಿಂಗಳುಗಟ್ಟಲೆ ಇಳಿಸಲಾಗದ ಹೊರೆ.

ಅಪಾಯ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವನ್ನು ಮಾರ್ಪಡಿಸಿ ಬಳಸುತ್ತೇವೆ. ಇಎಫ್ 30ಕ್ಕಿಂತ ಕೆಳಗಿದ್ದರೆ, ಅಥವಾ ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಿದರೂ ಏದುಸಿರು ಬರುವಂತಿದ್ದರೆ ಅದು ನಾಲ್ಕನೇ ವರ್ಗ. ಅಂಥವರಿಗೆ ಬೇಡ ಅಂತ ಸ್ಪಷ್ಟವಾಗಿ ಹೇಳುತ್ತೇವೆ, ಏಕೆಂದರೆ ತಾಯಿಯ ಜೀವಕ್ಕೇ ಅಪಾಯ. 30ರಿಂದ 45 ಇದ್ದವರಿಗೂ ಅಪಾಯ ಜಾಸ್ತಿಯೇ. ನಿಮ್ಮ 50 ಹಾಗೇ ಉಳಿದರೆ ನೀವು ಅದಕ್ಕಿಂತ ಹಗುರವಾದ ಗುಂಪಿನಲ್ಲಿರುತ್ತೀರಿ.

ಇನ್ನೊಂದು ಮಾತು. ಹೆರಿಗೆ ಆಯಿತು, ಗಂಡಾಂತರ ಕಳೆಯಿತು ಅಂತ ಮನೆಯವರೆಲ್ಲ ಉಸಿರು ಬಿಡುವ ಹೊತ್ತಿನಲ್ಲೇ ನಾವು ಹೆಚ್ಚು ಎಚ್ಚರವಾಗಿರುತ್ತೇವೆ. ಗರ್ಭಕೋಶ ಕುಗ್ಗುತ್ತಿದ್ದಂತೆ ಅದರಲ್ಲಿದ್ದ ರಕ್ತ ಒಮ್ಮೆಲೇ ಮೈಗೆ ಮರಳುತ್ತದೆ. ಕಾಲಿನಲ್ಲಿ ನಿಂತಿದ್ದ ನೀರೂ ರಕ್ತಕ್ಕೆ ಸೇರುತ್ತದೆ. ಮೊದಲ ಎರಡು ಮೂರು ದಿನದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುವುದು ಹೀಗೆ. ಬೇಗ ಡಿಸ್ಚಾರ್ಜ್ ಮಾಡಿ ಅಂತ ದಯವಿಟ್ಟು ಒತ್ತಾಯಿಸಬೇಡಿ. ಆಮೇಲಿನ ವಾರಗಳಲ್ಲೂ ತಪಾಸಣೆ ತಪ್ಪಿಸಬೇಡಿ. ಮಗುವಿನ ಆರೈಕೆಯಲ್ಲಿ ತಾಯಿಯ ಎಕೋ ಮರೆತುಹೋಗುವುದು ತುಂಬಾ ಸಾಮಾನ್ಯ.

ಪ್ರಶ್ನೆ: ಹಾಗಾದರೆ ಸಿಸೇರಿಯನ್ನೇ ಒಳ್ಳೆಯದಾ?

ಉತ್ತರ: ಇಲ್ಲ. ಹೃದಯ ಸ್ಥಿರವಾಗಿದ್ದರೆ ಸಹಜ ಹೆರಿಗೆಯೇ ಮೇಲು. ರಕ್ತ ಕಡಿಮೆ ಹೋಗುತ್ತದೆ, ಸೋಂಕಿನ ಭಯವೂ ಕಡಿಮೆ. ಎಪಿಡ್ಯೂರಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಟ್ಟು ನೋವು ತಗ್ಗಿಸುತ್ತೇವೆ. ಕೊನೆಯಲ್ಲಿ ತಾಯಿ ಜಾಸ್ತಿ ಹೊತ್ತು ಮುಕ್ಕಬಾರದು ಅಂತ ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಸಹಾಯ ತೆಗೆದುಕೊಳ್ಳುವುದುಂಟು. ಮುಖ್ಯವಾದದ್ದೆಂದರೆ ಹೃದ್ರೋಗ ತಜ್ಞರು, ಹೆರಿಗೆ ವೈದ್ಯರು, ಅರಿವಳಿಕೆ ವೈದ್ಯರು ಮೊದಲೇ ಕೂತು ಯೋಜನೆ ಬರೆದಿಟ್ಟಿರಬೇಕು. ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನಗಿರುವುದು ಹೈಪರ್‌ಟ್ರೋಫಿಕ್, ಅಂದರೆ ಸ್ನಾಯು ದಪ್ಪಗಾಗುವ ಬಗೆ. ನನಗೂ ಇದೇ ನಿಯಮವಾ? ಮಗುವಿಗೂ ಬರುತ್ತದಾ?

ಉತ್ತರ: ನಿಮ್ಮ ಲೆಕ್ಕ ಬೇರೆ. ಗರ್ಭಕ್ಕೆ ಮೊದಲು ತೊಂದರೆ ಇಲ್ಲದೆ ಓಡಾಡಿಕೊಂಡಿದ್ದ ಹೈಪರ್‌ಟ್ರೋಫಿಕ್ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಹೆರಿಗೆ ದಾಟುತ್ತಾರೆ. ರಕ್ತ ಹೊರಹೋಗುವ ದಾರಿಯಲ್ಲಿ ಅಡ್ಡಿ ಎಷ್ಟಿದೆ, ಹೃದಯದ ಬಡಿತ ತಪ್ಪುತ್ತದೆಯೇ, ಎಂದಾದರೂ ಎಚ್ಚರ ತಪ್ಪಿ ಬಿದ್ದಿದ್ದೀರಾ ಅನ್ನುವುದನ್ನು ಮೊದಲು ನೋಡಬೇಕು. ಅಡ್ಡಿ ಇರುವವರಲ್ಲಿ ಮೈಯಲ್ಲಿ ನೀರಿನಂಶ ಬತ್ತಿದರೆ, ಬಿಪಿ ಥಟ್ಟನೆ ಕುಸಿದರೆ ತೊಂದರೆ ಹೆಚ್ಚುತ್ತದೆ. ಹಾಗಾಗಿ ವಾಂತಿ ಜಾಸ್ತಿಯಾದರೆ ಸುಮ್ನೆ ಸಹಿಸಿಕೊಳ್ಳಬೇಡಿ. ನಿಮ್ಮ ಕಾಯಿಲೆಗೆ ಕೊಡುವ ಮಾವಕ್ಯಾಮ್ಟೆನ್ ಅನ್ನುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದು ಮೈಯಿಂದ ಹೊರಹೋಗಲು ತಿಂಗಳುಗಳೇ ಬೇಕು. ಪ್ರಯತ್ನಕ್ಕೆ ಎಷ್ಟು ತಿಂಗಳ ಮುಂಚೆ ನಿಲ್ಲಿಸಬೇಕು ಅಂತ ನಿಮ್ಮ ವೈದ್ಯರನ್ನು ಕೇಳಿ.

ಮಗುವಿನ ವಿಷಯ. ನಿಮ್ಮಲ್ಲಿ ಕಾಯಿಲೆಯ ಜೀನ್ ಪತ್ತೆಯಾದರೆ, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಸಾಮಾನ್ಯವಾಗಿ ಶೇಕಡಾ 50. ಜೀನ್ ಬಂದ ಮಾತ್ರಕ್ಕೆ ಕಾಯಿಲೆ ಅದೇ ತೀವ್ರತೆಯಲ್ಲಿ ಬರುತ್ತದೆ ಅಂತಲ್ಲ. ಡೈಲೇಟೆಡ್ ಇರುವವರಲ್ಲೂ ಎಷ್ಟೋ ಜನಕ್ಕೆ ಇದು ವಂಶದಿಂದ ಬಂದಿರುತ್ತದೆ. ಗರ್ಭ ನಿಲ್ಲುವ ಮೊದಲೇ ಜೀನ್ ಪರೀಕ್ಷೆ ಮತ್ತು ಸಮಾಲೋಚನೆ ಮಾಡಿಸಿಕೊಂಡರೆ, ಐವಿಎಫ್ ಮೂಲಕ ಭ್ರೂಣ ಪರೀಕ್ಷಿಸುವ ದಾರಿಯೂ ತೆರೆದಿರುತ್ತದೆ. ಬೇಕೋ ಬೇಡವೋ ನೀವಿಬ್ಬರೂ ತೀರ್ಮಾನಿಸುವುದು.

ಮತ್ತೊಬ್ಬರ ಪ್ರಶ್ನೆ: ನನ್ನ ತಂಗಿಗೆ ಮೊದಲ ಹೆರಿಗೆ ಆದ ಮೇಲೆ ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ (ಹೆರಿಗೆಯ ಆಸುಪಾಸಿನಲ್ಲಿ ಹೃದಯದ ಸ್ನಾಯು ದುರ್ಬಲವಾಗುವುದು) ಆಗಿತ್ತು. ಈಗ ಪೂರ್ತಿ ಸರಿಹೋಗಿದ್ದಾಳೆ. ಎರಡನೇ ಮಗು ಬೇಕಂತೆ.

ಉತ್ತರ: ಪೂರ್ತಿ ಸರಿಹೋದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಮುಂದಿನ ಬಸುರಿನಲ್ಲಿ ಹಾರ್ಟ್ ಫೇಲ್ಯೂರ್ ಮತ್ತೆ ಕಾಣಿಸಿಕೊಂಡದ್ದನ್ನು 2001ರ ಅಧ್ಯಯನವೊಂದು ತೋರಿಸಿತು. ಇಎಫ್ ಪೂರ್ತಿ ಚೇತರಿಸಿಕೊಳ್ಳದವರಲ್ಲಿ ಸಾವುಗಳೂ ಆದವು. ತಂಗಿಯ ಇತ್ತೀಚಿನ ಎಕೋ ಸ್ವಲ್ಪ ಕಮ್ಮಿ ತೋರಿಸಿದರೂ ಬೇಡ ಅನ್ನುತ್ತೇನೆ. ಪೂರ್ತಿ ಸರಿ ಇದ್ದರೆ ಈ ಅಂಕಿಯನ್ನು ಅವರಿಬ್ಬರ ಮುಂದೆ ಮುಚ್ಚುಮರೆ ಇಲ್ಲದೆ ಇಟ್ಟು, ನಿರ್ಧಾರ ಅವರಿಗೇ ಬಿಡುತ್ತೇನೆ.

ಮೊದಲ ಪ್ರಶ್ನೆ ಕೇಳಿದವರು: ಡಾಕ್ಟರೇ, ಕೊನೆಯದಾಗಿ ಎರಡು. ಬಸುರಿಯಲ್ಲಿ ಎಲ್ಲರಿಗೂ ಏದುಸಿರು ಬರುತ್ತದಲ್ಲ, ನನ್ನದು ಹೃದಯದ್ದು ಅಂತ ಹೇಗೆ ಗೊತ್ತಾಗುತ್ತದೆ? ಮತ್ತೆ, ಮಾತ್ರೆ ಇರುವಾಗಲೇ ಮುಟ್ಟು ತಪ್ಪಿದರೆ?

ಉತ್ತರ: ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿಂಬು ಇಲ್ಲದೆ ನಿದ್ದೆ ಬರದಿರುವುದು, ನಡುರಾತ್ರಿ ಉಸಿರಿಗಾಗಿ ಎದ್ದು ಕೂರುವುದು, ಒಂದೆರಡು ದಿನದಲ್ಲೇ ತೂಕ ಎರಡು ಕೆಜಿ ಏರುವುದು, ಎಚ್ಚರ ತಪ್ಪುವುದು. ಇವುಗಳಲ್ಲಿ ಯಾವುದಾದರೂ ಆದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಗರ್ಭಕ್ಕೆ ಮೊದಲೇ ಎನ್‌ಟಿ-ಪ್ರೊಬಿಎನ್‌ಪಿ ಮಾಡಿಸಿಟ್ಟಿರಲು ಹೇಳಿದ್ದು ಇದಕ್ಕೇ. ಹಳೆಯ ಅಂಕಿ ಇದ್ದರೆ ಹೊಸದನ್ನು ಹೋಲಿಸಿ ನೋಡಬಹುದು.

ಮುಟ್ಟು ತಪ್ಪಿದರೆ ಗಾಬರಿಯಾಗಿ ಎಲ್ಲ ಮಾತ್ರೆ ಎಸೆಯಬೇಡಿ. ಅದರಲ್ಲೂ ಮೆಟೊಪ್ರೊಲಾಲ್ ಒಮ್ಮೆಲೇ ನಿಲ್ಲಿಸಬಾರದು. ಅವತ್ತೇ ಫೋನ್ ಮಾಡಿ, ಯಾವುದನ್ನು ನಿಲ್ಲಿಸಬೇಕು ಅಂತ ಹೇಳುತ್ತೇವೆ. ಮೊದಲ ವಾರಗಳಲ್ಲಿ ಮಾತ್ರೆ ಹೊಟ್ಟೆಗೆ ಹೋಗಿತ್ತು ಅನ್ನುವ ಒಂದೇ ಕಾರಣಕ್ಕೆ ಗರ್ಭ ತೆಗೆಸಬೇಕಾಗಿಲ್ಲ. ಮಗುವಿಗೆ ಸಿದ್ಧರಾಗುವವರೆಗಿನ ಗರ್ಭನಿರೋಧಕಕ್ಕೆ ಈಸ್ಟ್ರೋಜನ್ ಇರುವ ಮಾತ್ರೆ ಬೇಡ, ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಹಾರ್ಮೋನ್ ಇರುವ ಐಯುಡಿ (ಗರ್ಭಕೋಶದಲ್ಲಿಡುವ ಸಾಧನ) ಅಥವಾ ತೋಳಿನಲ್ಲಿಡುವ ಇಂಪ್ಲಾಂಟ್ ನಿಮಗೆ ಹೊಂದುತ್ತದೆ. ಮಗುವಿಗೆ ಸಿದ್ಧರಾದ ದಿನ ತೆಗೆಸಿದರಾಯಿತು.