ನಡುಗಡ್ಡೆಗಳ ಪರಂಪರೆಯನ್ನು ಮೂರು ರಾಜ್ಯಗಳು ಕೂಡಿ ಕಾಯುವ ದಾರಿ ಇದೆಯೇ?

ಪ್ರಶ್ನೆ: ವಾಶಿಯ ಓದುಗ (ನವಿ ಮುಂಬಯಿ)

ನಮ್ಮ ಕನ್ನಡ ಬಳಗದ ಇಪ್ಪತ್ತೆರಡು ಮಂದಿ ಕಳೆದ ತಿಂಗಳು ಘಾರಾಪುರಿಗೆ, ಅಂದರೆ ಎಲಿಫೆಂಟಾ ದ್ವೀಪಕ್ಕೆ, ಹೋಗಿ ಬಂದೆವು. ಸದಾಶಿವ ಮೂರ್ತಿಯ ಎದುರು ನಿಂತಾಗ ಹಿರಿಯರೊಬ್ಬರು ಐಹೊಳೆಯ ರವಿಕೀರ್ತಿ ಶಾಸನವನ್ನು ನೆನಪಿಸಿದರು. ಕ್ರಿ.ಶ. 634ರ ಆ ಶಾಸನದಲ್ಲಿ ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಸೋಲಿಸಿ, ಪಡುಗಡಲ ಲಕ್ಷ್ಮಿಯಂತಿದ್ದ ಪುರಿಯನ್ನು ಮದಗಜಗಳಂತಹ ನೂರಾರು ಹಡಗುಗಳಿಂದ ಮುತ್ತಿದನೆಂಬ ಮಾತಿದೆ. ಆ ಪುರಿ ಇದೇ ದ್ವೀಪವೆಂದು ಕೆಲವು ವಿದ್ವಾಂಸರೂ, ಜಂಜಿರಾದ ಬಳಿಯ ರಾಜಪುರಿಯೆಂದು ಬೇರೆ ಕೆಲವರೂ ಹೇಳುತ್ತಾರೆ. ಆ ಚರ್ಚೆ ಇಲ್ಲಿ ಬೇಡ.

ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಮೆಟ್ಟಿಲಿಳಿದು ಬರುವಾಗ ಮೋರಾಬಂದರ್ ಎಂಬ ಊರಿನ ಒಬ್ಬ ಹೆಂಗಸಿನ ಬಳಿ ನೆಲ್ಲಿಕಾಯಿ ಕೊಂಡೆವು. ಗುಹೆಗಳು ಒಂದು ಇಲಾಖೆಗೆ, ಗುಡ್ಡದ ಕಾಡು ಇನ್ನೊಂದಕ್ಕೆ, ಧಕ್ಕೆ ಮತ್ತೊಂದಕ್ಕೆ ಸೇರಿದೆಯೆಂದೂ, ತಮ್ಮ ಮನೆಯ ಮಾಡು ರಿಪೇರಿ ಮಾಡಿಸಬೇಕಾದರೆ ಯಾರ ಬಾಗಿಲಿಗೆ ಹೋಗಬೇಕೆಂದು ಇನ್ನೂ ತಿಳಿದಿಲ್ಲವೆಂದೂ ಆಕೆ ನಗುತ್ತಲೇ ಹೇಳಿದರು. ಗುಹೆಗಳು 1987ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಆದರೆ ದ್ವೀಪದ ಮೂರು ಊರುಗಳಿಗೆ ಸಮುದ್ರದಡಿಯ ಏಳೂವರೆ ಕಿಲೋಮೀಟರ್ ಕೇಬಲ್ ಮೂಲಕ ವಿದ್ಯುತ್ ಬಂದದ್ದು 2018ರಲ್ಲಿ.

ಮುಂಬಯಿಯಿಂದ ಕಾರವಾರದವರೆಗೆ ಕಡಲು ಒಂದೇ ಆಗಿದ್ದರೂ ಸರ್ಕಾರಗಳು ಮೂರು. ದ್ವೀಪವಾಸಿಗಳು ಗಡಿ ದಾಟಿ ಪರಸ್ಪರ ನೆರವಾಗಿ ತಮ್ಮ ಪರಂಪರೆಯನ್ನೂ ಪ್ರಕೃತಿಯನ್ನೂ ಕಾಪಾಡಿಕೊಂಡ ಉದಾಹರಣೆಗಳು ಬೇರೆಡೆ ಇವೆಯೇ? ನಮ್ಮ ಕರಾವಳಿಗೆ ಅದು ಹೊಂದುವುದೇ? ನಮ್ಮಂತಹ ಸಣ್ಣ ಬಳಗ ಏನು ಮಾಡಬಹುದು? ವಿಚಾರ ಸಂಕಿರಣ ಏರ್ಪಡಿಸಿ ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ, ಅದನ್ನು ನಾವು ಎರಡು ಸಲ ಮಾಡಿ ಮುಗಿಸಿದ್ದೇವೆ.

ಉತ್ತರ 1: ಮಾಂಡವಿ ದಂಡೆ (ಪಣಜಿ)

ಮಾನ್ಯರೇ, ನಾನು ಹುಟ್ಟಿದ್ದು ಕುಮಟಾ ತಾಲ್ಲೂಕಿನಲ್ಲಿ. ಪಣಜಿಗೆ ಬಂದು ಇಪ್ಪತ್ತಾರು ವರ್ಷಗಳಾದವು. ನನ್ನ ಅನುಭವದಲ್ಲಿ ದ್ವೀಪದ ಪರಂಪರೆಯನ್ನು ದ್ವೀಪದ ಮೇಲೆ ಮಾತ್ರ ಹುಡುಕುವುದೇ ಮೊದಲ ತಪ್ಪು. ಮಾಂಡವಿ ನದಿಯ ನಡುವಿನ ದಿವಾಡಿ ದ್ವೀಪವನ್ನು ನೋಡಿ. ಗೋವೆಯ ಕದಂಬರ ಕುಲದೇವರಾದ ಸಪ್ತಕೋಟೇಶ್ವರನ ಗುಡಿ ಇದ್ದದ್ದು ಅಲ್ಲಿ. ಆ ದೇವರ ವರಪ್ರಸಾದ ಪಡೆದವರು ತಾವೆಂದು ಕದಂಬರು ತಮ್ಮ ನಾಣ್ಯಗಳ ಮೇಲೆಯೇ ಅಚ್ಚೊತ್ತಿಸಿದರು. ಪೋರ್ಚುಗೀಸರ ಕಾಲದಲ್ಲಿ ಗುಡಿ ನೆಲಸಮವಾದ ಮೇಲೆ ಲಿಂಗವನ್ನು ಹೊಳೆ ದಾಟಿಸಿ ಡಿಚೋಲಿಯ ನಾರ್ವೆಗೆ ಒಯ್ದರು. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ಹೀಗೆ ದಿವಾಡಿಯ ದೇವರು ಆಚೆ ದಡದಲ್ಲಿದ್ದಾನೆ, ಆತನ ಕೋಟಿತೀರ್ಥದ ಕೊಳ ಮಾತ್ರ ದ್ವೀಪದಲ್ಲಿ ಉಳಿದಿದೆ. ಇವೆರಡನ್ನೂ ಸೇರಿಸಿ ಅರ್ಥಮಾಡಿಕೊಳ್ಳಬೇಕಾದವನು ಫೆರಿ ಹತ್ತಲೇಬೇಕು.

ಆದರೆ ಗುಡಿಗಿಂತ ಹೆಚ್ಚು ಅಪಾಯದಲ್ಲಿರುವುದು ಗದ್ದೆ. ದಿವಾಡಿ, ಚೋಡಣ ದ್ವೀಪಗಳ ಅಂಚಿನ ತಗ್ಗು ನೆಲವನ್ನು ಇಲ್ಲಿ ಖಾಜನ್ ಎನ್ನುತ್ತಾರೆ. ಉಬ್ಬರದ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು ಕಟ್ಟಿ, ಒಡ್ಡಿನ ಒಂದೆಡೆ ಮರದ ಬಾಗಿಲಿರುವ ತೂಬನ್ನು ಇಟ್ಟಿರುತ್ತಾರೆ. ಅದಕ್ಕೆ ಇಲ್ಲಿನ ಹೆಸರು ಮಾನಸ್. ಉಬ್ಬರ ಏರಿದಾಗ ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ. ಇಂಧನ ಬೇಡ, ಕಾವಲುಗಾರ ಬೇಡ. ಬಡಗಿ ಮಾತ್ರ ಬೇಕು. ಮಳೆಗಾಲದಲ್ಲಿ ಕೊರ್ಗುಟ್ ಎಂಬ ಉಪ್ಪು ಸಹಿಸುವ ಭತ್ತ, ತೂಬಿನ ಬಾಯಲ್ಲಿ ಮೀನು. ಮೀನಿನ ಹರಾಜಿನಿಂದ ಬಂದ ಹಣವನ್ನು ಒಡ್ಡಿನ ದುರಸ್ತಿಗೆ ಬಳಸುವ, ಊರವರೇ ಕೂಡಿ ನಡೆಸುತ್ತಿದ್ದ ಗಾಂವ್ಕರಿ ಪದ್ಧತಿ ಹಿಂದೆ ಇತ್ತು.

ನಾನು ಮೊದಲ ಸಲ ಇದನ್ನು ಕಂಡಾಗ ನೆರೆಯವರು ವಿವರಿಸುವ ಮೊದಲೇ ನನಗೆ ಎಲ್ಲವೂ ಅರ್ಥವಾಗಿತ್ತು. ಏಕೆಂದರೆ ಅಘನಾಶಿನಿಯ ಅಳಿವೆಯಲ್ಲಿ ನಮ್ಮ ಮನೆಯವರು ಮಾಡುತ್ತಿದ್ದ ಗಜನಿ ಬೇಸಾಯ ಇದೇ ಆಗಿತ್ತು. ಅಲ್ಲಿ ಖಾಜನ್‌ಗೆ ಗಜನಿ, ಕೊರ್ಗುಟ್‌ಗೆ ಕಗ್ಗ. ನಮ್ಮ ಕಡೆ ಸಿಗಡಿ ಕೃಷಿ ಬಂದು ಗಜನಿಯ ಭತ್ತ ಹಿಂದೆ ಸರಿಯಿತು. ಇಲ್ಲಿ ಒಡ್ಡು ಒಡೆದ ಮೇಲೆ ಗದ್ದೆ ಪಾಳು ಬಿದ್ದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಆವರಿಸಿದವು. ಕಾಂಡ್ಲಾವನ್ನು ಕಡಿಯುವಂತಿಲ್ಲ, ಕಡಿಯಲೂಬಾರದು, ಏಕೆಂದರೆ ಒಡ್ಡನ್ನು ಅಲೆಯಿಂದ ಕಾಯುವುದು ಅದೇ. ಚೋಡಣದ ಸಲೀಂ ಅಲಿ ಪಕ್ಷಿಧಾಮದ 178 ಹೆಕ್ಟೇರ್ ಪೂರ್ತಿ ಕಾಂಡ್ಲಾ ಕಾಡೇ. ಆದರೆ ಗದ್ದೆಯೊಳಗೆ ಬೆಳೆದ ಕಾಂಡ್ಲಾ ಕಾನೂನಿನ ಕಣ್ಣಿಗೆ ಕಾಡಾಗಿ ಕಾಣುವುದರಿಂದ ರೈತ ಮರಳಿ ಉಳಲಾರದ ಸ್ಥಿತಿ ಬಂದಿದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಗಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿದೆ, ನಿಮ್ಮ ಠಾಣೆ ಖಾರಿ 2022ರಲ್ಲಿಯೇ ಆಗಿದೆ. ಕಗ್ಗದ ಬೀಜ ದಿವಾಡಿಗೂ, ದಿವಾಡಿಯ ತೂಬಿನ ಬಡಗಿ ಅಘನಾಶಿನಿ ಕಡೆಯ ಮಾಣಿಕಟ್ಟೆಗೂ ಹೋಗುವಂತಾದರೆ ಅದೇ ಪ್ರಾದೇಶಿಕ ಸಹಕಾರ. ಅದಕ್ಕೆ ಯಾವ ಸರ್ಕಾರದ ಸಹಿಯೂ ಬೇಡ.

ಉತ್ತರ 2: ಕೋಥ್ರೂಡಿನಿಂದ (ಪುಣೆ)

ಸಹಿ ಬೇಡ ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ. ಬಡಗಿ ಮತ್ತು ಬೀಜದ ವಿನಿಮಯ ಎರಡು ವರ್ಷ ನಡೆಯುತ್ತದೆ, ಉತ್ಸಾಹಿಗಳು ಊರು ಬಿಟ್ಟ ಮೇಲೆ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು ಹೊರಗಿನ ಉದಾಹರಣೆ ಬಯಸಿದ್ದರಿಂದ ಯುರೋಪಿನ ವಾಡನ್ ಸಮುದ್ರವನ್ನು ಹೇಳುತ್ತೇನೆ. ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್‌ಗಳ ದಡದಲ್ಲಿ ಸಾಲುಸಾಲು ದ್ವೀಪಗಳಿವೆ, ಇಳಿತದಲ್ಲಿ ಮೈಲುಗಟ್ಟಲೆ ಕೆಸರು ತೆರೆದುಕೊಳ್ಳುತ್ತದೆ. ಮೂರು ದೇಶಗಳು 1978ರಿಂದ ಜತೆಗೂಡಿ ಕೆಲಸ ಮಾಡುತ್ತಿವೆ. 1982ರಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿ, 1987ರಲ್ಲಿ ಒಂದು ಸಾಮಾನ್ಯ ಕಾರ್ಯಾಲಯವನ್ನು ತೆರೆದವು. ಅದರ ಮರುವರ್ಷವೇ ಕಡಲನಾಯಿಗಳಿಗೆ (ಸೀಲ್) ವೈರಸ್ ರೋಗ ತಗುಲಿ ಅವು ಸಾವಿರಗಟ್ಟಲೆ ಸತ್ತವು. ರೋಗಕ್ಕೆ ಗಡಿ ಇರಲಿಲ್ಲ. ತಮ್ಮ ಪ್ರಾಣಿ ಎಷ್ಟು, ನೆರೆಯವರ ಪ್ರಾಣಿ ಎಷ್ಟು ಎಂಬ ಲೆಕ್ಕ ಅಲ್ಲಿ ಅರ್ಥ ಕಳೆದುಕೊಂಡಿತು; 1990ರಲ್ಲಿ ಕಡಲನಾಯಿಗಳ ರಕ್ಷಣೆಗಾಗಿಯೇ ಮೂರೂ ದೇಶಗಳ ಒಪ್ಪಂದವಾಯಿತು. ಡಚ್ ಮತ್ತು ಜರ್ಮನ್ ಭಾಗಗಳು 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಡೆನ್ಮಾರ್ಕಿನ ಭಾಗ 2014ರಲ್ಲಿ. ಪಟ್ಟಿ ಕೊನೆಗೆ ಬಂತು, ಕಡಲಿನ ಜೀವಗಳನ್ನು ಕೂಡಿ ಎಣಿಸುವ ಕೆಲಸ ಮೊದಲು ಬಂತು. ನಮ್ಮಲ್ಲಿ ಇದು ತಿರುವುಮುರುವಾಗಿದೆ.

ನಮ್ಮ ಅಡಚಣೆ ನಕ್ಷೆಯಲ್ಲೇ ಇದೆ. ರಾಜ್ಯಗಳ ನಡುವಿನ ವಿಷಯಗಳನ್ನು ಚರ್ಚಿಸಲು 1956ರ ಕಾಯಿದೆಯಿಂದ ಹುಟ್ಟಿದ ವಲಯ ಪರಿಷತ್ತುಗಳಿವೆ. ಮಹಾರಾಷ್ಟ್ರ, ಗೋವಾ ಪಶ್ಚಿಮ ವಲಯದಲ್ಲಿವೆ. ಕರ್ನಾಟಕ ದಕ್ಷಿಣ ವಲಯದಲ್ಲಿದೆ. ಗೋವೆಯ ಕಾಣಕೋಣವೂ ಪಕ್ಕದ ಕಾರವಾರವೂ ಒಂದೇ ಮೇಜಿಗೆ ಬರುವ ಸಂದರ್ಭವೇ ಕಡಿಮೆ. ಮೀನುಗಾರಿಕೆಯ ಕಾಯಿದೆಗಳೂ ಬೇರೆಬೇರೆ: ಗೋವೆಯದು 1980, ಮಹಾರಾಷ್ಟ್ರದ್ದು 1981, ಕರ್ನಾಟಕದ್ದು 1986. ಕೇಂದ್ರವು 2011ರಲ್ಲಿ ಹೊರಡಿಸಿದ ದ್ವೀಪ ಸಂರಕ್ಷಣಾ ವಲಯದ ಅಧಿಸೂಚನೆ ಅಂಡಮಾನ್ ನಿಕೋಬಾರ್ ಹಾಗೂ ಲಕ್ಷದ್ವೀಪಗಳಿಗೆ ಮಾತ್ರ. ಘಾರಾಪುರಿಯಂತಹ ದಡದ ದ್ವೀಪಗಳನ್ನು ಸಾಮಾನ್ಯ ಕರಾವಳಿ ನಿಯಮದಡಿಯೇ ನೋಡಲಾಗುತ್ತದೆ. ಆದರೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಮೂರೂ ರಾಜ್ಯಗಳ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಒಂದೇ ನಿಯಮವನ್ನು ಎಲ್ಲರೂ ಪಾಲಿಸಬಲ್ಲೆವು ಎಂಬುದಕ್ಕೆ ಇದು ಪ್ರತಿವರ್ಷದ ಸಾಕ್ಷಿ. ಆ ಎರಡು ತಿಂಗಳು ದೋಣಿಗಳು ಖಾಲಿ ಇರುತ್ತವೆ, ಕಡಲು ಬಲ್ಲವರು ದಡದಲ್ಲಿರುತ್ತಾರೆ. ಅವರ ನೆನಪುಗಳನ್ನು ದಾಖಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು?

ಉತ್ತರ 3: ಬಂದರಿನ ಮೊಮ್ಮಗ (ಅಂಧೇರಿ)

ಒಂದು ಮಾತು ಸೇರಿಸುತ್ತೇನೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಆ ದ್ವೀಪಗಳ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು, ಅಕ್ಕಿ ಅತ್ತ ಹೋಗುತ್ತಿತ್ತು. ನನ್ನ ಅಜ್ಜ ಬಂದರಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ದ್ವೀಪದವರ ದೋಣಿ ಬಂದ ದಿನ ಮನೆಗೆ ತೆಂಗಿನ ಬೆಲ್ಲ ಬರುತ್ತಿತ್ತೆಂದು ಹೇಳುತ್ತಿದ್ದರು. ಮಿನಿಕಾಯ್ ದ್ವೀಪದವರ ಮಹಲ್ ಭಾಷೆಯಾದರೋ ಮಾಲ್ಡೀವ್ಸಿನ ದಿವೇಹಿಯೇ ಆಗಿದೆ. ದೇಶಗಳ ಗಡಿಗಿಂತ ಹಳೆಯದಾದ ಈ ನಂಟುಗಳನ್ನು ಬಿಟ್ಟು ಸಹಕಾರದ ಮಾತು ಎಲ್ಲಿಂದ ಆರಂಭವಾಗಬೇಕು?

ಮೈಕ್ರೋನೇಷಿಯದ ಸತವಾಲ್ ಎಂಬ ಪುಟ್ಟ ದ್ವೀಪದ ಮಾವು ಪಿಯಾಲುಗ್ 1976ರಲ್ಲಿ ಯಾವ ಉಪಕರಣವೂ ಇಲ್ಲದೆ, ನಕ್ಷತ್ರ ಮತ್ತು ಅಲೆಗಳನ್ನು ನೋಡಿಯೇ ಹವಾಯಿಯಿಂದ ತಾಹಿತಿಗೆ ಹೊಕುಲೆಯಾ ದೋಣಿಯನ್ನು ಕೊಂಡೊಯ್ದರು. ಹವಾಯಿಯವರು ತಮ್ಮಲ್ಲಿ ಅಳಿದುಹೋದ ವಿದ್ಯೆಯನ್ನು ಮುಂದೆ ಅವರಿಂದಲೇ ಕಲಿತರು. ಒಂದು ದ್ವೀಪ ಕಳೆದುಕೊಂಡದ್ದನ್ನು ಇನ್ನೊಂದು ದ್ವೀಪ ಕಾಪಾಡಿಟ್ಟಿತ್ತು. ಗಜನಿ ಮತ್ತು ಖಾಜನ್‌ಗಳ ವಿಷಯವೂ ಇದೇ ಅಲ್ಲವೇ?

ಉತ್ತರ 4: ಬೈತಖೋಲದವ (ವಾಸ್ಕೊ)

ನೀವೆಲ್ಲರೂ ಗದ್ದೆ, ಕಾಯಿದೆ ಎನ್ನುತ್ತಿದ್ದೀರಿ. ದ್ವೀಪಕ್ಕೆ ಹೋಗಲು ಬಿಡುತ್ತಾರೆಯೇ ಎಂಬುದು ನಮ್ಮ ಪ್ರಶ್ನೆ. ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ಜನವರಿಯಲ್ಲಿ ನಡೆಯುತ್ತದೆ. ಮೀನುಗಾರರ ದೋಣಿಗಳಲ್ಲಿಯೇ ಭಕ್ತರು ಹೋಗುವುದು. 2019ರ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಹಲವರು ಜೀವ ಕಳೆದುಕೊಂಡ ಮೇಲೆ ನಮ್ಮ ಮನೆಯ ಹೆಂಗಸರು ಹೋಗುವುದನ್ನೇ ಬಿಟ್ಟಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ಅಂಜದೀವ್ ದ್ವೀಪ. ಅದು ಕಾರವಾರಕ್ಕೆ ಅಂಟಿಕೊಂಡಂತಿದ್ದರೂ ಆಡಳಿತದಲ್ಲಿ ಗೋವೆಯದು. ಈಗ ಅದು ನೌಕಾನೆಲೆಯ ಭಾಗ. ಅಲ್ಲಿನ ಹಳೆಯ ಇಗರ್ಜಿಯ ಹಬ್ಬಕ್ಕೆ ಎರಡೂ ಕಡೆಯ ಕ್ರೈಸ್ತರು ದೋಣಿಯಲ್ಲಿ ಹೋಗುತ್ತಿದ್ದ ಕಾಲವೊಂದಿತ್ತು. ದೇಶದ ರಕ್ಷಣೆ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ಆದರೆ ಜನ ದಾಟಿ ಹೋಗದ ದ್ವೀಪದ ಪರಂಪರೆ ಫೋಟೋದಲ್ಲಿ ಮಾತ್ರ ಉಳಿಯುತ್ತದೆ. ಜೀವರಕ್ಷಕ ಅಂಗಿ ಮತ್ತು ಸುರಕ್ಷಿತ ಧಕ್ಕೆ, ಇವೆರಡನ್ನು ಮೂರೂ ರಾಜ್ಯಗಳ ಜಾತ್ರೆ ದ್ವೀಪಗಳಿಗೆ ಒದಗಿಸಿದರೆ ಅರ್ಧ ಕೆಲಸ ಆದಂತೆ.

ಉತ್ತರ 5: ಖಾನಾಪುರದವನು (ಮಡಗಾಂವ್)

ಮಾಂಡವಿ ಎಂದು ನೀವು ಕರೆಯುವ ನದಿ ನಮ್ಮ ಊರಿನಲ್ಲಿ ಹುಟ್ಟುವ ಮಹದಾಯಿ. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿದ್ದರೂ ಜಗಳ ನಿಂತಿಲ್ಲ. ಮೇಲಿನ ಸಿಹಿನೀರಿನ ಬಗ್ಗೆಯೇ ಒಮ್ಮತವಿಲ್ಲದಿರುವಾಗ ಕೆಳಗಿನ ದ್ವೀಪಗಳಲ್ಲಿ ಸಹಕಾರ ಎನ್ನುವುದು ನನಗೆ ಕನಸಿನಂತೆ ಕಾಣುತ್ತದೆ. ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ.

ಮಾಂಡವಿ ದಂಡೆ (ಪಣಜಿ)

ನೋವೇನೂ ಇಲ್ಲ, ನೀವು ಹೇಳದಿದ್ದರೆ ನಾನೇ ಹೇಳಬೇಕಾಗಿತ್ತು. ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾದಷ್ಟೂ ಉಪ್ಪುನೀರು ಒಳಕ್ಕೆ ಏರುತ್ತದೆಂಬುದು ದಿವಾಡಿಯವರ ಭಯ. ಕುಡಿಯುವ ನೀರಿಲ್ಲವೆಂಬುದು ಧಾರವಾಡದ ಕಡೆಯ ನನ್ನ ನೆಂಟರ ಸಂಕಟ. ಎರಡೂ ನಿಜ. ನ್ಯಾಯಾಲಯದ ಕೆಲಸವನ್ನು ನಾವು ಮಾಡಲಾರೆವು. ಆದರೆ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ತೂಬಿನ ಬಳಿ ನೀರಿನ ಉಪ್ಪನ್ನು ಅಳೆದು ಬರೆದಿಡಬಹುದು. ಕೋಥ್ರೂಡಿನವರು ಹೇಳಿದ ಎಣಿಕೆ ಎಂದರೆ ಅದೇ. ಸಹಿಯ ವಿಷಯದಲ್ಲಿ ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಹತ್ತು ವರ್ಷದ ಬರಹ ಕೈಯಲ್ಲಿದ್ದರೆ ಸಹಿ ಕೇಳಲು ಹೋಗುವವರಿಗೆ ಮಾತು ಹುಟ್ಟುತ್ತದೆ.

ವಾಶಿಯ ಓದುಗ (ನವಿ ಮುಂಬಯಿ)

ಎಲ್ಲರಿಗೂ ಕೃತಜ್ಞತೆಗಳು. ಬಳಗದ ಸಭೆಯಲ್ಲಿ ಈ ಉತ್ತರಗಳನ್ನು ಓದಿದೆವು. ಉಬ್ಬರ, ತೂಬು, ಒಡ್ಡು, ದೋಣಿ, ಗಾಳಿಗಳಿಗೆ ಕನ್ನಡ, ಕೊಂಕಣಿ, ತುಳು ಹಾಗೂ ಇಲ್ಲಿನ ಕೋಳಿ ಎಂಬ ಮೀನುಗಾರ ಸಮುದಾಯದ ಮರಾಠಿಯಲ್ಲಿ ಇರುವ ಮಾತುಗಳನ್ನು ಮುಂದಿನ ಜೂನ್, ಜುಲೈಗಳಲ್ಲಿ ಮೀನುಗಾರರಿಂದಲೇ ಕೇಳಿ ಬರೆದುಕೊಳ್ಳುವುದೆಂದು ನಿರ್ಧರಿಸಿದ್ದೇವೆ. ಬಳಗದಲ್ಲಿ ಮೊಗವೀರರೂ ಇರುವುದರಿಂದ ಕೆಲಸ ಕಷ್ಟವಾಗದು. ಅದಕ್ಕೆ ಮೊದಲು ದಿವಾಡಿಯ ಮಾನಸ್ ನೋಡಬೇಕೆಂಬ ಆಸೆ. ಮೋರಾಬಂದರಿನ ಆ ಹೆಂಗಸಿನ ಮಗನೂ ಬರಲು ಒಪ್ಪಿದ್ದಾನೆ, ಆದರೆ ಗುಹೆಗಳು ಮುಚ್ಚಿರುವ ಸೋಮವಾರ ಮಾತ್ರ ಅವನಿಗೆ ಬಿಡುವು. ಬಾಗಿಲು ತೆರೆದುಕೊಳ್ಳುವುದನ್ನು ಕಾಣಲು ಯಾವ ದಿನ ಬರಬೇಕು?

ಮಾಂಡವಿ ದಂಡೆ (ಪಣಜಿ)

ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಬೀಳುವ ಸೋಮವಾರವನ್ನು ಪಂಚಾಂಗದಲ್ಲಿ ನೋಡಿ ತಿಳಿಸಿ, ಆಗ ಇಳಿತ ಜೋರಾಗಿರುತ್ತದೆ. ಹಳೆ ಗೋವೆಯ ಕಡೆಯಿಂದ ಫೆರಿ ಹತ್ತಿ. ಆ ಹುಡುಗ ಅಲ್ಲಿಗೆ ಬಂದು ಉಳಿಯುವುದಾದರೆ ನಮ್ಮ ಮನೆಯಲ್ಲಿ ಜಾಗವಿದೆ.