ಕಣ್ಣಿನ ವ್ಯಾಯಾಮ ಮಾಡಿದರೆ ಮೈನಸ್ ನಂಬರ್ ಇಳಿಯುತ್ತಾ?

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಎರಡೂ ಕಣ್ಣಿಗೆ ಮೈನಸ್ 2.5. ವಿಡಿಯೋ ನೋಡಿಕೊಂಡು ಮೂರು ವಾರದಿಂದ ವ್ಯಾಯಾಮ ಮಾಡುತ್ತಿದ್ದೇನೆ. ಅಂಗೈ ಉಜ್ಜಿ ಕಣ್ಣಿನ ಮೇಲೆ ಇಟ್ಟುಕೊಳ್ಳುವುದು, ಕಣ್ಣು ಸುತ್ತ ತಿರುಗಿಸುವುದು, ಹೆಬ್ಬೆರಳು ನೋಡಿ ಆಮೇಲೆ ದೂರ ನೋಡುವುದು, ಎಲ್ಲ ಸೇರಿ ದಿನಕ್ಕೆ ಅರ್ಧ ಗಂಟೆ. ಕನ್ನಡಕವನ್ನೂ ಆದಷ್ಟು ತೆಗೆದಿಟ್ಟಿದ್ದೇನೆ. ನಿಜ ಹೇಳುತ್ತೇನೆ, ಮೊದಲು ಮಸುಕಾಗಿದ್ದ ಗೋಡೆ ಕ್ಯಾಲೆಂಡರ್ ಈಗ ಓದಲು ಬರುತ್ತಿದೆ. ಹೀಗೇ ಮುಂದುವರಿಸಿದರೆ ಕನ್ನಡಕ ಬಿಡಬಹುದಾ?

ಉತ್ತರ: ಕ್ಯಾಲೆಂಡರ್ ಕಾಣುತ್ತಿದೆ ಅನ್ನುವುದನ್ನು ನಂಬುತ್ತೇನೆ. ನಂಬರ್ ಇಳಿದಿದೆ ಅನ್ನುವುದನ್ನು ಮಾತ್ರ ನಂಬಲಾರೆ. ಎಷ್ಟೋ ವರ್ಷದಿಂದ ಕಣ್ಣು ಪರೀಕ್ಷೆ ಮಾಡುವುದೇ ನನ್ನ ಕೆಲಸ, ಈ ಪ್ರಶ್ನೆ ತಿಂಗಳಿಗೆ ಒಮ್ಮೆಯಾದರೂ ಬರುತ್ತದೆ.

ಮೈನಸ್ ನಂಬರ್ ಇರುವ ಹೆಚ್ಚಿನವರಲ್ಲಿ ಕಣ್ಣುಗುಡ್ಡೆಯೇ ಸ್ವಲ್ಪ ಉದ್ದ ಬೆಳೆದಿರುತ್ತದೆ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಅದು 1 ಮಿಲಿಮೀಟರ್ ಜಾಸ್ತಿಯಾದರೆ ಸಾಕು, ಹೆಚ್ಚುಕಮ್ಮಿ ನಿಮ್ಮ ನಂಬರೇ ಬರುತ್ತದೆ. ದೂರದಿಂದ ಬಂದ ಬೆಳಕು ಹಿಂದಿನ ರೆಟಿನಾ ಪರದೆಗೆ ಮುಟ್ಟುವ ಮೊದಲೇ ಒಂದೆಡೆ ಸೇರಿಬಿಡುತ್ತದೆ, ಅದಕ್ಕೇ ಮಸುಕು. ಕಣ್ಣು ತಿರುಗಿಸಿದರೆ ಸ್ನಾಯುಗಳು ಓಡಾಡುತ್ತವೆ, ಗುಡ್ಡೆ ಗಿಡ್ಡ ಆಗುವುದಿಲ್ಲ. ದಿನಾ ಕೈಕಾಲು ಆಡಿಸಿದರೆ ನಮ್ಮ ಎತ್ತರ ಇಳಿಯುತ್ತದಾ?

ಅಂಗೈ ಮುಚ್ಚುವ ಈ ವಿದ್ಯೆ ಹಳೆಯದು. ಅಮೆರಿಕದ ಕಣ್ಣಿನ ಡಾಕ್ಟರ್ ವಿಲಿಯಂ ಬೇಟ್ಸ್ 1920ರಲ್ಲೇ ಪುಸ್ತಕ ಬರೆದು ಹೇಳಿದ್ದರು. ಹತ್ತಿರದ್ದನ್ನು ನೋಡುವಾಗ ಹೊರಗಿನ ಸ್ನಾಯುಗಳು ಗುಡ್ಡೆಯನ್ನು ಹಿಂಡಿ ಉದ್ದ ಮಾಡುತ್ತವೆ ಅಂತ ಅವರ ವಾದ. ಆದರೆ ಆ ಕೆಲಸ ಮಾಡುವುದು ಒಳಗಿನ ಲೆನ್ಸ್, ಅದು ಉಬ್ಬಿ ಹತ್ತಿರದ್ದನ್ನು ಸ್ಪಷ್ಟ ಮಾಡುತ್ತದೆ. ಬುನಾದಿಯೇ ತಪ್ಪು. ನೂರು ವರ್ಷ ದಾಟಿದರೂ ಅದೇ ಸರಕು ವಿಡಿಯೋ ಆಗಿ ಓಡುತ್ತಿದೆ ನೋಡಿ.

ಹಾಗಾದರೆ ಕ್ಯಾಲೆಂಡರ್ ಹೇಗೆ ಕಂಡಿತು? ಕನ್ನಡಕ ಇಲ್ಲದೆ ಕೆಲವು ದಿನ ಕಳೆದರೆ ಮಿದುಳು ಮಸುಕಿಗೆ ಒಗ್ಗಿಕೊಂಡು, ಅರೆಬರೆ ಕಂಡ ಅಕ್ಷರವನ್ನೂ ಊಹಿಸಲು ಕಲಿಯುತ್ತದೆ. ಜೊತೆಗೆ ನಿಮಗೆ ಗೊತ್ತಿಲ್ಲದೆಯೇ ಕಣ್ಣು ಕಿರಿದು ಮಾಡುತ್ತೀರಿ. ಒಂದು ಕಾಗದಕ್ಕೆ ಸೂಜಿಯಿಂದ ತೂತು ಮಾಡಿ ಅದರಲ್ಲಿ ನೋಡಿ, ತಕ್ಷಣ ಸ್ಪಷ್ಟ ಆಗುತ್ತದೆ. ಕಣ್ಣು ಕಿರಿದು ಮಾಡಿದಾಗ ಆಗುವುದೂ ಅದೇ. ಅಲ್ಲದೆ ದಿನಾ ನೋಡುವ ಕ್ಯಾಲೆಂಡರ್ ಅರ್ಧ ಬಾಯಿಪಾಠ ಆಗಿರುತ್ತದೆ, ಅಲ್ವಾ?

ನೀವೇ ಅಳೆದು ನೋಡಿ. 100ನ್ನು ನಂಬರಿನಿಂದ ಭಾಗಿಸಿದರೆ ಕನ್ನಡಕ ಇಲ್ಲದೆ ಎಷ್ಟು ಸೆಂಟಿಮೀಟರ್‌ವರೆಗೆ ಸ್ಪಷ್ಟ ಅಂತ ಗೊತ್ತಾಗುತ್ತದೆ. ನಿಮಗೆ 40. ಸಣ್ಣ ಅಕ್ಷರದ ಪುಸ್ತಕ ಹಿಡಿದು, ಕಣ್ಣು ಕಿರಿದು ಮಾಡದೆ ನಿಧಾನಕ್ಕೆ ದೂರ ಒಯ್ಯಿರಿ, ಅಕ್ಷರದ ಅಂಚು ಮಸುಕಾಗಲು ಶುರುವಾದ ಕಡೆ ಟೇಪ್ ಹಿಡಿಯಿರಿ. ನಂಬರ್ ನಿಜವಾಗಿ 2ಕ್ಕೆ ಇಳಿದಿದ್ದರೆ 50 ಬರಬೇಕು. ಅಲ್ಲಿಯವರೆಗೆ ಗಾಡಿ ಓಡಿಸುವಾಗ ಕನ್ನಡಕ ತೆಗೆಯಬೇಡಿ ದಯವಿಟ್ಟು.

ಇನ್ನೊಬ್ಬರು: ಓದುವಾಗ ಅಕ್ಷರ ಎರಡೆರಡು ಕಾಣುತ್ತದೆ ಅಂತ ಹೋದರೆ ಡಾಕ್ಟರೇ ನನಗೆ ಪೆನ್ಸಿಲ್ ವ್ಯಾಯಾಮ ಕೊಟ್ಟಿದ್ದಾರೆ. ಅದೂ ಸುಮ್ನೆನಾ?

ಉತ್ತರ: ಇಲ್ಲ, ಬಿಡಬೇಡಿ! ನಿಮ್ಮ ತೊಂದರೆಯೇ ಬೇರೆ. ಹತ್ತಿರ ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ಒಟ್ಟಿಗೆ ತಿರುಗಬೇಕು, ನಿಮಗೆ ಅದು ಸರಿಯಾಗಿ ಆಗುತ್ತಿಲ್ಲ. ಇದಕ್ಕೆ ವ್ಯಾಯಾಮವೇ ಮದ್ದು. ಮನೆಯಲ್ಲಿ ಪೆನ್ಸಿಲ್ ಮಾತ್ರ ನೋಡುವುದಕ್ಕಿಂತ ಕ್ಲಿನಿಕ್‌ನಲ್ಲಿ ಕೂರಿಸಿ ಮಾಡಿಸುವ ತರಬೇತಿಯಲ್ಲಿ ಫಲ ಜಾಸ್ತಿ, ಒಮ್ಮೆ ಕೇಳಿ ನೋಡಿ.

ಮತ್ತೊಬ್ಬರು: ನನ್ನ ತಮ್ಮನಿಗೆ ಮೈನಸ್ 1 ಇತ್ತು. ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಬಿಟ್ಟು ನೋಡಿದರೆ ಸೊನ್ನೆ! ಅವನೂ ವ್ಯಾಯಾಮ ಮಾಡಿದ್ದ.

ಉತ್ತರ: ಪರೀಕ್ಷೆ ಮುಗಿದ ಮೇಲೆ ಅಂತ ನೀವೇ ಹೇಳಿದಿರಿ. ಗಂಟೆಗಟ್ಟಲೆ ಹತ್ತಿರದ್ದನ್ನೇ ಓದಿದರೆ ಲೆನ್ಸ್ ಉಬ್ಬಿಸುವ ಒಳಗಿನ ಸ್ನಾಯು ಬಿಗಿ ಹಿಡಿದು ಹಾಗೇ ಉಳಿಯಬಹುದು, ಆಗ ಇಲ್ಲದ ಮೈನಸ್ ತೋರಿಸುತ್ತದೆ. ವಿಶ್ರಾಂತಿ ಕೊಟ್ಟರೆ ಹೋಗುತ್ತದೆ. ಅದಕ್ಕೇ ಚಿಕ್ಕವರಿಗೆ ಡ್ರಾಪ್ಸ್ ಹಾಕಿ, ಆ ಸ್ನಾಯು ಸಡಿಲ ಆದ ಮೇಲೆ ನಂಬರ್ ತೆಗೆಯುತ್ತೇವೆ.

ಒಬ್ಬ ತಾಯಿ: 8 ವರ್ಷದ ಮಗಳಿಗೆ ಈ ವರ್ಷ ಮೈನಸ್ 1 ಬಂದಿದೆ. ಬೆಳಗ್ಗೆ ಸೂರ್ಯನನ್ನು ನೋಡಿಸಿ ಅನ್ನುತ್ತಾರೆ, ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಅಂತಲೂ ಅನ್ನುತ್ತಾರೆ.

ಉತ್ತರ: ಸೂರ್ಯನನ್ನು ನೇರ ನೋಡಿಸಲೇಬೇಡಿ. ರೆಟಿನಾ ಸುಟ್ಟರೆ ಆ ನಷ್ಟ ಮತ್ತೆ ತುಂಬದೇ ಇರಬಹುದು. ಹಗಲು ಬೆಳಕಿನಲ್ಲಿ ಹೊರಗೆ ಆಡಲಿ, ದಿನಕ್ಕೆ ಎರಡು ಗಂಟೆ ಸಿಕ್ಕರೆ ಬಹಳ ಒಳ್ಳೆಯದು. ಮೈನಸ್ ಬರುವುದನ್ನೇ ತಡೆಯುವುದರಲ್ಲಿ ಇದರ ಪಾತ್ರ ದೊಡ್ಡದು, ಬಂದ ಮೇಲೂ ನಷ್ಟವಿಲ್ಲ. ಕನ್ನಡಕ ಪೂರ್ತಿ ನಂಬರಿನದೇ ಇರಲಿ. ಕಡಿಮೆ ನಂಬರ್ ಹಾಕಿಸಿದರೆ ಏರಿಕೆ ನಿಲ್ಲುವುದಿಲ್ಲ. ಮಗಳು ಬೆಳೆದ ಹಾಗೆ ಗುಡ್ಡೆಯೂ ಬೆಳೆಯುತ್ತದೆ, ನಂಬರ್ ಏರುವುದು ಅದರಿಂದ, ಪಾಪ ಕನ್ನಡಕದ ಮೇಲೆ ಅಪವಾದ. ಏರುವ ವೇಗ ತಗ್ಗಿಸಲು ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್, ಬೇರೆ ಥರದ ಲೆನ್ಸ್ ಇವೆ. ಮಕ್ಕಳ ಕಣ್ಣಿನ ಡಾಕ್ಟರನ್ನು ಕೇಳಿ, ಆರು ತಿಂಗಳಿಗೊಮ್ಮೆ ತೋರಿಸಿ.

ಇನ್ನೊಬ್ಬರು: 45 ಆಯಿತು, ಚಾಳೀಸು ಬಂದಿದೆ. ವ್ಯಾಯಾಮ?

ಉತ್ತರ: ಲೆನ್ಸೇ ಗಟ್ಟಿಯಾಗಿದೆ ಸರ್. ಓದುವ ಕನ್ನಡಕ ಮಾಡಿಸಿ.

ಮೊದಲು ಕೇಳಿದವರು: ಮೇಡಂ, ಅಳೆದೆ. ಬೆಳಗ್ಗೆ 41, ರಾತ್ರಿ 39. ಬೇಜಾರಾಯಿತು. ಆದರೆ ವ್ಯಾಯಾಮ ಶುರು ಮಾಡಿದ ಮೇಲೆ ಸಂಜೆಯ ಕಣ್ಣು ಉರಿ, ತಲೆನೋವು ಕಡಿಮೆ ಆಗಿರುವುದಂತೂ ನಿಜ.

ಉತ್ತರ: ಅದು ನಿಜವೇ ಇರಬೇಕು. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಬಹಳ ಕಡಿಮೆ, ಕಣ್ಣು ಒಣಗಿ ಉರಿಯುತ್ತದೆ. ನೀವು ಅರ್ಧ ಗಂಟೆ ಸ್ಕ್ರೀನ್ ಬಿಟ್ಟು ಕಣ್ಣು ಮುಚ್ಚಿ ಕೂತಿರಿ, ದೂರ ನೋಡಿದಿರಿ. ಅಂಗೈ ಮುಚ್ಚುವುದನ್ನು ಇಷ್ಟವಾದರೆ ಇಟ್ಟುಕೊಳ್ಳಿ, ಗುಡ್ಡೆ ಒತ್ತಬೇಡಿ ಅಷ್ಟೇ. ಅದಕ್ಕಿಂತ ಸುಲಭದ್ದು, 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ, ನಾಲ್ಕು ಸಲ ಪೂರ್ತಿ ಕಣ್ಣು ಮುಚ್ಚಿ ತೆಗೆಯಿರಿ. ಮತ್ತೆ ಯಾವತ್ತಾದರೂ ಕಣ್ಣಲ್ಲಿ ಮಿಂಚು ಹೊಡೆದ ಹಾಗೆ ಆದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾದರೆ, ಒಂದು ಕಡೆ ಪರದೆ ಇಳಿದಂತೆ ಕಂಡರೆ ಈ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮೈನಸ್ ಇರುವವರಲ್ಲಿ ರೆಟಿನಾ ಕಿತ್ತು ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ.